ಒಂದೇ ಜೇಬಿಗೆ ಎರಡು ಕೈ

ಬ್ಯಾಂಕಿನವನೂ ಫೋನ್ ಕಂಪನಿಯವನೂ ಒಂದೇ ಹೊತ್ತಿಗೆ ಒಬ್ಬನೇ ಗಿರಾಕಿಯ ಜೇಬಿಗೆ ಕೈ ಹಾಕಿದರು ಅಂತಿಟ್ಟುಕೊಳ್ಳಿ. ಏನಾಗಿರಬಹುದು, ಊಹಿಸಿ ನೋಡೋಣ. ಹೊಡೆದಾಟ? ಅಲ್ಲ. ಪೊಲೀಸು? ಅದೂ ಅಲ್ಲ. ಸೋತಿರಿ ತಾನೆ? ಜೇಬಿನೊಳಗೆ ಎರಡೂ ಕೈ ಒಂದಕ್ಕೊಂದು ತಗುಲಿ, "ಓಹೋ ನೀವಾ, ನಮಸ್ಕಾರ" ಅಂತ ಕುಲುಕಿಕೊಂಡವು. ಗಿರಾಕಿ ಅಷ್ಟರಲ್ಲಿ ಅವರಿಬ್ಬರ ಜೇಬಿಗೂ ಕೈ ಹಾಕಿ ಕೆಲಸ ಮುಗಿಸಿದ್ದ.

ಇಂಥವು ಬ್ಯಾಂಕಿನಲ್ಲಿ ನಡೆಯುತ್ತಲೇ ಇರುತ್ತವೆ. ಮೂವತ್ತೈದು ವರ್ಷ ಸರ್ವೀಸು ಮಾಡಿದ ನನಗೆ ಪಿಂಚಣಿಯ ಜೊತೆ ಸಿಕ್ಕಿರುವ ಆಸ್ತಿ ಅಂದರೆ ಇವೇ. ಪಿಂಚಣಿಗೆ ತೆರಿಗೆ ಹಿಡಿಯುತ್ತಾರೆ, ಇವಕ್ಕೆ ಇನ್ನೂ ಹಿಡಿದಿಲ್ಲ.

ನನ್ನ ಕೊನೆಯ ಪೋಸ್ಟಿಂಗು ದೆಹಲಿಯ ಓಖ್ಲಾದಲ್ಲಿ. ಸುತ್ತ ಬಟ್ಟೆ ಹೊಲಿದು ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿಗಳು. ಒಳಗೆ ಹೊಲಿಯುವವರೆಲ್ಲ ಬಿಹಾರದ ಕಡೆಯವರು, ತಿಂಗಳ ಸಂಬಳ ಬಂದರೆ ಊರಿಗೆ ಕಳಿಸಬೇಕು. ಆ ಹಣವನ್ನು ಮೊಬೈಲಿನಲ್ಲಿ ಕಳಿಸಬಹುದು ಅಂತ ನಮ್ಮ ಬ್ಯಾಂಕಿಗೆ ಹೊಳೆದ ವಾರವೇ ಒಂದು ಫೋನ್ ಕಂಪನಿಗೂ ಹೊಳೆಯಿತು. ಹಣದ ವ್ಯವಹಾರ ಬ್ಯಾಂಕು ಮಾತ್ರ ಮಾಡಬೇಕು ಅಂತ ನಿಯಮ. ಫೋನ್ ಕಂಪನಿ ಏನು ಮಾಡಿತು? ಯಾರೂ ಕೇಳಿರದ ಪುಟ್ಟ ಬ್ಯಾಂಕೊಂದನ್ನು ಜೊತೆಗೆ ಕಟ್ಟಿಕೊಂಡು ಬಂತು. ಹೆಣ್ಣು ಕೇಳಲು ಹಿರಿಯರೊಬ್ಬರು ಬೇಕು ಅಂತ ದೂರದ ಚಿಕ್ಕಪ್ಪನಿಗೆ ಪೇಟ ಸುತ್ತಿಸಿ ಕರೆತರುತ್ತಾರಲ್ಲ, ಹಾಗೆ.

ನಮ್ಮ ಮ್ಯಾನೇಜರ್ ಒಬ್ಬ ಪಂಜಾಬಿ ಮೇಡಂ. ನನ್ನನ್ನು ಕರೆದು ಹೇಳಿದರು, "ದೀಪಾವಳಿಯೊಳಗೆ ಮುನ್ನೂರು ಫೋನ್ ಖಾತೆ. ಆಗದಿದ್ದರೆ ನಿಮ್ಮನ್ನು ಗೋರಖ್‌ಪುರಕ್ಕೆ ಹಾಕಬೇಕಂತೆ. ಆರ್ಡರ್ ಟೈಪಾಗಿ ಬಂದಿದೆ, ಇಗೋ ನನ್ನ ಡ್ರಾಯರಿನಲ್ಲಿದೆ."

ದೀಪಾವಳಿ ಕಳೆದರೆ ನಿವೃತ್ತಿಗೆ ಉಳಿಯುವುದು ಎಂಟೇ ತಿಂಗಳು. ರೋಹಿಣಿ ಬಡಾವಣೆಯ ನಮ್ಮ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ರುಬ್ಬುತ್ತಿದ್ದವಳು ತಲೆ ಎತ್ತಲಿಲ್ಲ. "ಎಂಟು ತಿಂಗಳಿಗೋಸ್ಕರ ಈ ಗ್ರೈಂಡರ್ ಹೊತ್ಕೊಂಡು ನಾನು ಎಲ್ಲಿಗೂ ಬರಲ್ಲ. ನೀವು ಹೋಗಿ, ಅಲ್ಲಿ ರೊಟ್ಟಿ ಸಿಗುತ್ತೆ."

ರೊಟ್ಟಿ! ಎಂಟು ತಿಂಗಳು! ಅವತ್ತೇ ನಿರ್ಧಾರ ಮಾಡಿದೆ, ಮುನ್ನೂರು ಖಾತೆ ತೆರೆಯದೆ ಬಿಡುವುದಿಲ್ಲ ಅಂತ.

೧. ಕೊಡೆ

ಫ್ಯಾಕ್ಟರಿ ಗೇಟಿನ ಎದುರು ಒಂದು ರೀಚಾರ್ಜ್ ಅಂಗಡಿ. ಅದೇ ಫೋನ್ ಕಂಪನಿಯ ಠಾಣೆ. ಅದರ ಮುಂದೆ ದೊಡ್ಡ ಕೆಂಪು ಕೊಡೆ, ಕೊಡೆಯ ಕೆಳಗೆ ಕುತ್ತಿಗೆಗೆ ಟೈ ಬಿಗಿದುಕೊಂಡ ಕಂಪನಿ ಆಫೀಸರ್. ನಾನು ಆಚೆ ಬದಿ ಬ್ಯಾಂಕಿನ ಮೇಜು ಹಾಕಿಕೊಂಡು ಕೂತೆ. ಮೇಜು, ಕುರ್ಚಿ ಮಂಜೂರಾಗಿದ್ದವು. ಕೊಡೆಯ ಕಡತ ಮೇಲೆ ಹೋಗಿತ್ತು. ದೆಹಲಿಯ ಜೂನ್ ಬಿಸಿಲು ಕಡತಕ್ಕೆ ಕಾಯುತ್ತದೆಯೇ? ಹತ್ತೂವರೆಗೆ ನನ್ನ ತಲೆಯ ಮೇಲೆ ಹಪ್ಪಳ ಸುಡಬಹುದಿತ್ತು.

"ಅಯ್ಯೋ ಶಿವನೇ" ಅಂದೆ, ನನಗೆ ನಾನೇ.

ಆಚೆಯಿಂದ ಟೈ ಮಾತಾಡಿತು, "ಕನ್ನಡದೋರಾ ಸರ್? ನಾನು ದಾವಣಗೆರೆ. ಮೇಜು ತಗೊಂಡು ನೆರಳಿಗೆ ಬನ್ನಿ ಸರ್, ಬಿಸಿಲಿಗೆ ಬ್ಯಾಂಕು ಗೀಂಕು ಅಂತ ಇಲ್ಲ."

ಹೋದೆ. ವೈರಿಯ ಕೊಡೆಯ ಕೆಳಗೆ ಕೂತು ಬ್ಯಾಂಕಿನ ಖಾತೆ ತೆರೆಯಲು ಶುರು ಮಾಡಿದೆ. ಸಂಜೆಯ ಹೊತ್ತಿಗೆ ಅವನ ಕೊಡೆ ನೋಡಿ ಬಂದವರಲ್ಲಿ ಏಳು ಜನ ನನ್ನ ಖಾತೆದಾರರಾದರು. ಅವನೂ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ನರೆತ ತಲೆ ನೋಡಿ ನಂಬಿಕೆ ಬಂದು ಹನ್ನೊಂದು ಜನ ಅವನ ಕಡೆ ಸೇರಿದ್ದರು.

ಹದಿನೈದು ದಿನದ ಮೇಲೆ ನಮ್ಮ ಕೊಡೆಯೂ ಬಂತು, ಜೊತೆಗೆ ಒಂದು ಪತ್ರ. "ಸದರಿ ಕೊಡೆಯನ್ನು ಮಳೆಗಾಲದ ವೆಚ್ಚದಡಿ ಮಂಜೂರು ಮಾಡಲಾಗಿದೆ. ಬಿಸಿಲಿಗೆ ಬಳಸತಕ್ಕದ್ದಲ್ಲ."

೨. ತಕ್ಷಣ

ನಮ್ಮ ಜಾಹೀರಾತಿನಲ್ಲಿ ಒಂದೇ ಮಾತು ಇತ್ತು: ಮೆಸೇಜು ಒತ್ತಿ, ತಕ್ಷಣ ಹಣ ಊರಿಗೆ. ಆದರೆ ಬ್ಯಾಂಕಿನಲ್ಲಿ ಅಜ್ಜನ ಕಾಲದಿಂದ ಬಂದ ಇನ್ನೊಂದು ಮಾತಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಸಹಿ ಹಾಕದೆ ಪೈಸೆ ಅಲ್ಲಾಡಕೂಡದು. ಈ ಎರಡು ಮಾತಿಗೂ ಮದುವೆ ಮಾಡಿದ ನಮ್ಮ ಮೇಲಿನವರ ಬುದ್ಧಿಯನ್ನು ನಾನು ಇವತ್ತಿಗೂ ಕೈಮುಗಿದು ನೆನೆಯುತ್ತೇನೆ. ಗಿರಾಕಿಯ ಮೆಸೇಜು ಶಾಖೆಯ ಕಂಪ್ಯೂಟರಿಗೆ ಬರಬೇಕು. ನಾನು ಅದನ್ನು ಪ್ರಿಂಟ್ ತೆಗೆಯಬೇಕು, ಮೊಹರು ಹಾಕಬೇಕು, ಸಹಿ ಮಾಡಬೇಕು. ಮೇಡಂ ಇನ್ನೊಂದು ಸಹಿ ಮಾಡಬೇಕು. ಆಮೇಲೆ 'ತಕ್ಷಣ' ಶುರು.

ದರ್ಭಂಗಾ ಕಡೆಯ ಟೈಲರ್ ಒಬ್ಬ ಸೋಮವಾರ ಹೆಂಡತಿಗೆ ಐನೂರು ರೂಪಾಯಿಯ ಮೆಸೇಜು ಒತ್ತಿದ. ಮಂಗಳವಾರ ಮೇಡಂ ಮೀಟಿಂಗು. ಬುಧವಾರ ಪ್ರಿಂಟರಿಗೆ ಜ್ವರ. ಗುರುವಾರ ಟೈಲರ್ ಟ್ರಂಕು ಹೆಗಲಿಗೇರಿಸಿಕೊಂಡೇ ಬಂದ.

"ಬಾಬೂಜಿ, ನನ್ನ ಮೆಸೇಜು ಎಲ್ಲಿಗೆ ಮುಟ್ಟಿದೆ?"

"ಎರಡನೇ ಸಹಿಗೆ ಹೋಗಿದೆಯಪ್ಪಾ."

"ನಾನು ಸಂಜೆ ರೈಲಿಗೆ ರಜಾ ಮೇಲೆ ಊರಿಗೆ ಹೊರಟಿದ್ದೀನಿ," ಅಂದ. "ಅದನ್ನ ನನ್ನ ಕೈಗೇ ಕೊಡಿ. ಹೇಗೂ ಅದೂ ಅಲ್ಲಿಗೇ ಹೋಗಬೇಕಲ್ವಾ, ನಾನೇ ಮುಟ್ಟಿಸಿಬಿಡ್ತೀನಿ."

೩. ಸಾಯುವ ಹಣ

ಫೋನ್ ಕಂಪನಿಯ ಹಣ ಮಾತ್ರ ಕಣ್ಣು ಮಿಟುಕಿಸುವುದರಲ್ಲಿ ಹೋಗುತ್ತಿತ್ತು, ನಿಜ ಹೇಳಬೇಕು. ಅವರ ತೊಂದರೆಯೇ ಬೇರೆ. ಅವರು ಹುಟ್ಟಿದಾಗಿನಿಂದ ಮಾರಿದ್ದು ಮಾತು. ಮೂವತ್ತು ದಿನ ವ್ಯಾಲಿಡಿಟಿ, ಒಂದು ಹಾಡು ಹಾಕಿಸಿಕೊಂಡರೆ ಮೂವತ್ತು ರೂಪಾಯಿ ಕಟ್, ಇದೇ ಅವರಿಗೆ ಗೊತ್ತಿದ್ದ ಅರ್ಥಶಾಸ್ತ್ರ. ಮಾತು ಮಾರುವ ಕಂಪ್ಯೂಟರನ್ನೇ ಹಣಕ್ಕೂ ಜೋಡಿಸಿದ್ದರು.

ಫ್ಯಾಕ್ಟರಿಯ ಮುದಿ ಚೌಕೀದಾರ ತನ್ನ ಫೋನಿನಲ್ಲಿ ಎಂಟುನೂರು ರೂಪಾಯಿ ಹಾಕಿಸಿಟ್ಟಿದ್ದ. ಒಂದು ಬೆಳಿಗ್ಗೆ ಅವನಿಗೆ ಮೆಸೇಜು ಬಂತು: "ನಿಮ್ಮ ಹಣದ ಅವಧಿ ನಾಳೆಗೆ ಮುಗಿಯಲಿದೆ." ಮುದುಕ ಲಾಠಿ ಅಲ್ಲೇ ಬಿಟ್ಟು ಕೊಡೆಯ ಹತ್ತಿರ ಓಡಿ ಬಂದ.

"ಸಾಬ್, ದುಡ್ಡೂ ಸಾಯುತ್ತಾ?"

ನಮ್ಮ ದಾವಣಗೆರೆಯವನು ಫೋನು ಇಸಿದುಕೊಂಡು ನೋಡಿದ, ಮುಖ ಸಣ್ಣದಾಯಿತು. "ಸಾಯಲ್ಲ ಚಾಚಾ, ನಾನು ಸರಿ ಮಾಡಿಸ್ತೀನಿ. ಆದ್ರೆ ಎಂಟುನೂರಲ್ಲ, ಏಳುನೂರ ಎಪ್ಪತ್ತಿದೆ. ನಿಮ್ಮ ಫೋನಿಗೆ ಯಾರಾದ್ರೂ ಮಾಡಿದ್ರೆ ಕೇಳೋ ಹಾಗೆ ಒಂದು ಭಜನೆ ಹಾಕಿದ್ದಾರೆ, ಅದಕ್ಕೆ ಮೂವತ್ತು ಕಟ್ ಆಗಿದೆ."

ಮುದುಕ ಫೋನು ವಾಪಸ್ ಇಸಿದುಕೊಂಡ. "ಅಚ್ಛಾ," ಅಂದ. "ಇನ್ನೂ ಸತ್ತೇ ಇಲ್ಲ, ಆಗಲೇ ಭಜನೆಯವರನ್ನು ಕರೆಸಿಬಿಟ್ಟಿದ್ದೀರಿ."

೪. ಮನೆಯೊಳಗಿನ ಶತ್ರು

ಟೈ ಮಹಾಶಯ ಒಂಟಿ ಜೀವ. ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದೆ. ಹುಳಿ ಅನ್ನ ಕಲಸಿದವನ ಕಣ್ಣಲ್ಲಿ ನೀರು. ಅವತ್ತಿಗೆ ನಾನು ಸರ್ ಹೋಗಿ ಅಂಕಲ್ ಆದೆ, ನನ್ನ ಹೆಂಡತಿ ಆಂಟಿಯಾದಳು. ಆಮೇಲೆ ಪ್ರತಿ ಭಾನುವಾರ ಬಂದ. ವಾರವಿಡೀ ನನ್ನ ಗಿರಾಕಿ ಕಸಿಯುವುದು, ಭಾನುವಾರ ನನ್ನ ಮನೆಯಲ್ಲೇ ಉಣ್ಣುವುದು.

ಮೂರನೇ ಭಾನುವಾರ ಕೈ ತೊಳೆದು ಬಂದಾಗ ನೋಡುತ್ತೇನೆ, ನನ್ನ ಹೆಂಡತಿ ಅವನ ಕಂಪನಿಯ ಖಾತೆದಾರಳಾಗಿ ಕೂತಿದ್ದಾಳೆ!

"ಏನೇ ಇದು? ನನ್ನ ತಲೆ ಮೇಲೆ ಗೋರಖ್‌ಪುರ ತೂಗ್ತಾ ಇದೆ, ನೀನು ಹೋಗಿ ಅಲ್ಲಿ ಸೇರಿದ್ಯಲ್ಲ!"

"ನಿಮ್ಮ ಬ್ಯಾಂಕಿಗೆ ಬಂದಿದ್ನಲ್ಲ ಹೋದ ತಿಂಗಳು. ನನ್ನ ಹೆಸರಲ್ಲಿ ವಿಳಾಸದ ದಾಖಲೆ ಕೇಳಿದ್ರಿ. ಇವನು ಹೆಸರು ಕೇಳಿದ, ಒಂದು ಫೋಟೋ ಇಸ್ಕೊಂಡ, ಮುಗೀತು."

"ಫ್ಯಾಕ್ಟರಿ ಪಾಸಿದ್ರೆ ಸಾಕಿತ್ತು ಕಣೆ."

"ಹಾಗಾದ್ರೆ ಹೊಲಿಗೆ ಕೆಲಸಕ್ಕೆ ಸೇರ್ಕೊಳ್ಲಾ? ಮೂವತ್ತು ವರ್ಷದಿಂದ ಇವಳು ನನ್ನ ಮನೇಲೇ ಇದ್ದಾಳೆ ಅಂತ ನೀವೇ ಬರೆದುಕೊಡಬಹುದಿತ್ತು."

"ನೌಕರ ತನ್ನ ಹೆಂಡತಿ ಪರವಾಗಿ ದೃಢೀಕರಣ ಕೊಡೋ ಹಾಗಿಲ್ಲ. ನಿಯಮ."

ರಾತ್ರಿ ಊಟಕ್ಕೆ ಕೂತೆ. ತಟ್ಟೆ ಖಾಲಿ. "ಇದೇ ಮನೆಯವರು ಅನ್ನೋದಕ್ಕೆ ಏನಾದ್ರೂ ದಾಖಲೆ ತಂದಿದ್ದೀರಾ?" ಅಂದಳು.

೫. ನೂರಕ್ಕೆ ನೂರಹತ್ತು

ದೀಪಾವಳಿಗೆ ಎರಡು ದಿನ ಉಳಿದಿತ್ತು. ಧನ್‌ತೇರಸ್, ಅಂದರೆ ದೆಹಲಿಯವರು ಪಾತ್ರೆ ಪಡಗ ಕೊಳ್ಳುವ ದಿನ. ನನ್ನ ಖಾತೆಗಳು ನೂರ ತೊಂಬತ್ತಕ್ಕೆ ಬಂದು ಕೆಟ್ಟ ಸ್ಕೂಟರಿನ ಹಾಗೆ ನಿಂತಿದ್ದವು. ಗೋರಖ್‌ಪುರದ ರೈಲಿನ ವೇಳಾಪಟ್ಟಿ ನೋಡಿಕೊಂಡೇ ಮನೆ ಬಿಟ್ಟಿದ್ದೆ.

ಹೋದರೆ ನಮ್ಮ ದಾವಣಗೆರೆಯವನು ಕೊಡೆಗೆ ಚೆಂಡುಹೂವಿನ ಹಾರ ಹಾಕುತ್ತಿದ್ದ. "ಅಂಕಲ್, ಗುಡಗಾಂವ್ ಹೆಡ್ ಆಫೀಸಿಂದ ಹಬ್ಬದ ಆಫರ್ ಬಂದಿದೆ. ಇವತ್ತು ನೂರು ಹಾಕಿಸಿದ್ರೆ ನೂರಹತ್ತು!"

"ನೂರಹತ್ತು ಏನು? ಮಾತಾ?"

"ಅಲ್ಲ ಅಂಕಲ್, ದುಡ್ಡೇ."

"ಅದನ್ನ ವಾಪಸ್ ತೆಗೀಬಹುದಾ?"

"ಯಾವಾಗ ಬೇಕಾದ್ರೂ. ಅದೇ ಅಲ್ವಾ ನಮ್ಮ ಸ್ಪೆಷಾಲಿಟಿ!"

"ದಿನಕ್ಕೆ ಎಷ್ಟು ಸಲ?"

ಅವನ ಕೈಯಲ್ಲಿದ್ದ ಹಾರ ಅಲ್ಲೇ ನಿಂತಿತು. ರೀಚಾರ್ಜಿಗೆ ಇಷ್ಟೇ ಸಲ ಅಂತ ಯಾರಾದರೂ ಮಿತಿ ಹಾಕುತ್ತಾರೆಯೇ?

ನನ್ನ ಗೋರಖ್‌ಪುರ ಮರೆತು, ನನ್ನ ಮನೆಯ ಹುಳಿ ಉಂಡವನು ಅಂತ ಎಚ್ಚರಿಸಿದೆ. "ಇದು ಮಾತಾಡಿ ಮುಗಿಸೋ ದುಡ್ಡಲ್ಲಪ್ಪಾ, ಕೈಗೆ ಬರೋ ದುಡ್ಡು. ಮೊದಲು ಫೋನ್ ಮಾಡಿ ನಿಲ್ಲಿಸು." ಅವನು ಪಾಪ ಗುಡಗಾಂವ್‌ಗೆ ಫೋನ್ ಮಾಡಿದ. ಅವರು ನಕ್ಕರಂತೆ. "ಪಕ್ಕದಲ್ಲಿ ಬ್ಯಾಂಕಿನವನು ಕೂತಿದ್ದಾನಾ? ಅವನಿಗೆ ಹೊಟ್ಟೆಯುರಿ," ಅಂದರಂತೆ.

ಮೊದಲು ಗುಟ್ಟು ಹಿಡಿದವನು ಆ ದರ್ಭಂಗಾದ ಟೈಲರ್. ನೂರು ಹಾಕಿಸಿದ, ನೂರಹತ್ತು ತೆಗೆದ. ನೂರಹತ್ತು ಹಾಕಿಸಿದ, ನೂರಿಪ್ಪತ್ತೊಂದು ತೆಗೆದ. ಅಲ್ಲೇ ನಿಂತು ಬೆರಳು ಮಡಿಸಿ ಲೆಕ್ಕ ಹಾಕಿದ. ಆಮೇಲೆ ಫ್ಯಾಕ್ಟರಿ ಕಡೆ ತಿರುಗಿ ಒಂದು ಕೂಗು ಹಾಕಿದ ನೋಡಿ!

ಅರ್ಧ ಗಂಟೆಯಲ್ಲಿ ಅಂಗಡಿಗೆ ಕ್ಯೂ. ಹನ್ನೊಂದಕ್ಕೆ ಕ್ಯೂಗೆ ತಲೆ ಯಾವುದು ಬಾಲ ಯಾವುದು ತಿಳಿಯಲಿಲ್ಲ, ಯಾಕೆಂದರೆ ಎಡಗಡೆಯ ಕಿಟಕಿಯಲ್ಲಿ ತೆಗೆದವರು ಬಲಗಡೆಯ ಕಿಟಕಿಯಲ್ಲಿ ಹಾಕಿಸಲು ಹಾಗೇ ಸುತ್ತಿ ಬರುತ್ತಿದ್ದರು. ಥೇಟ್ ನವಗ್ರಹ ಪ್ರದಕ್ಷಿಣೆ. ಕೆಲಸಗಾರರನ್ನು ಅಟ್ಟಿಕೊಂಡು ಹೋಗಲು ಬಂದ ಸೂಪರ್‌ವೈಜರ್ ಎರಡು ನಿಮಿಷ ನೋಡಿದ, ತಾನೂ ಒಂದು ಸುತ್ತು ಹೊರಟ. ಅಂಗಡಿಯ ಮಾಲೀಕ ಲಾಲಾ ಮಾತ್ರ ನೋಟು ತರಲು ನಮ್ಮ ಶಾಖೆಗೆ ಓಡುತ್ತಾ, ಕುಣಿಯುತ್ತಾ ಹೇಳಿದ, "ಬಾಬೂಜಿ, ಹಾಕಿದ್ರೂ ನನಗೆ ಕಮಿಷನ್, ತೆಗೆದ್ರೂ ನನಗೆ ಕಮಿಷನ್!"

ಮಧ್ಯಾಹ್ನದ ಹೊತ್ತಿಗೆ ಜನರ ಕೈಯಲ್ಲಿ ದುಡ್ಡು ಸೇರಿತು. ಎಲ್ಲಿಡುವುದು? ಫೋನಿನಲ್ಲಿ ಬಿಟ್ಟರೆ ಕಂಪನಿಯವರು ಎಚ್ಚೆತ್ತು ವಾಪಸ್ ಎಳೆದುಕೊಂಡರೆ? ಕೋಣೆಯಲ್ಲಿಟ್ಟರೆ ಹತ್ತು ಜನ ಒಟ್ಟಿಗೆ ಮಲಗುವ ಕೋಣೆ. ಎಲ್ಲರ ಕಣ್ಣೂ ಒಟ್ಟಿಗೆ ನನ್ನ ಮೇಜಿನ ಕಡೆ ತಿರುಗಿತು. ಎರಡು ಸಹಿ, ಮೂರು ಮೊಹರು ಅಂತ ಅದುವರೆಗೆ ನಗುತ್ತಿದ್ದವರೇ ಈಗ, "ಬಾಬೂಜಿ, ನಿಮ್ಮಲ್ಲಿ ಹಾಕಿದ್ದು ಸುಲಭಕ್ಕೆ ಹೊರಗೆ ಬರಲ್ಲ ಅಲ್ವಾ?" ಅಂತ ಆಸೆಯಿಂದ ಕೇಳಿದರು.

"ನಾಲ್ಕು ದಿನ ಗ್ಯಾರಂಟಿ," ಅಂದೆ.

ಮೂರು ಗಂಟೆಗೆ ನನ್ನ ಫಾರಂ ಕಟ್ಟು ಮುಗಿಯಿತು. ಗಲಾಟೆಯಾಗಿದೆ ಅಂದುಕೊಂಡು ಮೇಡಂ ಶಾಖೆಯಿಂದ ಓಡಿ ಬಂದರು. ವಿಷಯ ಹೇಳಿದೆ. ನನ್ನ ಟ್ರಾನ್ಸ್‌ಫರ್ ಆರ್ಡರನ್ನೇ ತರಿಸಿ, ಅದರ ಬೆನ್ನ ಮೇಲೆ ಫಾರಂ ಸಿಗದವರ ಹೆಸರು ಬರೆದುಕೊಂಡರು. ಒಟ್ಟು ಖಾತೆ ಮುನ್ನೂರ ಇಪ್ಪತ್ತೆಂಟು! ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಮೆತ್ತಗೆ ಕೇಳಿದರು, "ಈ ಕ್ಯೂ ಎಲ್ಲಿಂದ ಶುರುವಾಗುತ್ತೆ?"

ಅವರಿಗೆ ಬಾಲ ತೋರಿಸೋಣ ಅಂತ ತಿರುಗಿದೆ. ನೋಡಿದರೆ ಬಾಲದಲ್ಲಿ ನನ್ನ ಹೆಂಡತಿ! ರೋಹಿಣಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು.

"ನೀನಿಲ್ಲಿ?"

"ನಾನು ಖಾತೆದಾರಳಲ್ವಾ, ನನಗೂ ಮೆಸೇಜು ಬಂತು. ಎರಡು ಸಾವಿರ ತಂದಿದ್ದೆ. ನಾಲ್ಕು ಸುತ್ತಾಯ್ತು, ಕುಕ್ಕರಿನ ದುಡ್ಡು ಹುಟ್ಟಿದೆ. ಜಾಗ ಬಿಡಿ, ಇನ್ನು ಎರಡು ಸುತ್ತಿಗೆ ಇಡ್ಲಿ ಪಾತ್ರೆ."

ಸಂಜೆ ಐದಕ್ಕೆ ಗುಡಗಾಂವ್ ಎಚ್ಚೆತ್ತು ಆಫರ್ ನಿಲ್ಲಿಸಿತು. ದಾವಣಗೆರೆಯವನು ಟೈ ಸಡಿಲಿಸಿ, ಕೆಲಸ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಫೋನು ಬಂತು. ಕೆಲಸ ಹೋಗಿರಲಿಲ್ಲ, ಅವರ ದೊಡ್ಡ ಸಾಹೇಬರೇ ಮಾತಾಡುತ್ತಿದ್ದರು. ಒಂದೇ ಅಂಗಡಿಯಲ್ಲಿ ಒಂದೇ ದಿನ ಇಷ್ಟು ವ್ಯವಹಾರ ಎಲ್ಲೂ ಆಗಿಲ್ಲವಂತೆ, ಶಾಭಾಸ್!

ನಮ್ಮ ಮೇಲಿನವರೂ ಬರವಣಿಗೆಯಲ್ಲಿ ವಿವರಣೆ ಕೇಳಿದರು: ಒಂದೇ ದಿನ ನೂರ ಮೂವತ್ತೆಂಟು ಖಾತೆ, ಯಾವ ವಿಧಾನದಿಂದ? "ಪ್ರತಿಸ್ಪರ್ಧಿ ಸಂಸ್ಥೆಯ ಹಾರ್ದಿಕ ಸಹಕಾರದಿಂದ" ಅಂತ ಬರೆದು ಕಳಿಸಿದೆ. ಇದೇ ವಿಧಾನವನ್ನು ಎಲ್ಲ ಶಾಖೆಗಳೂ ಅನುಸರಿಸತಕ್ಕದ್ದು ಅಂತ ಸುತ್ತೋಲೆ ಹೊರಟಿತು. ನಾನು ರೋಹಿಣಿಯಲ್ಲೇ ಉಳಿದೆ.

ಆ ಭಾನುವಾರವೂ ನಮ್ಮವನು ಊಟಕ್ಕೆ ಬಂದ. ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾ ಅಡುಗೆಮನೆ ಕಡೆ ಕಣ್ಣು ಹಾಯಿಸಿ, "ಕುಕ್ಕರ್ ಹೊಸದಾ ಆಂಟಿ? ಚೆನ್ನಾಗಿದೆ," ಅಂದ.

"ಹೂಂನಪ್ಪಾ," ಅಂದಳು ನನ್ನ ಹೆಂಡತಿ, ತುಪ್ಪ ಬಡಿಸುತ್ತಾ. "ನಿಮ್ಮ ಕಂಪನಿಯವರೇ ಕೊಟ್ಟಿದ್ದು."

ಕಥೆ ಕಟ್ಟಿದ್ದಾನೆ ಅನ್ನುವವರು ಬರೆದಿಟ್ಟುಕೊಳ್ಳಿ, ಕುಕ್ಕರಿನ ರಸೀದಿಯ ಮೇಲೆ ಈಗಲೂ ಇದೆ: ಎರಡು ಸಾವಿರದ ಒಂಬತ್ತನೇ ಇಸವಿ, ಅಕ್ಟೋಬರ್ ಹದಿನೈದು, ಗುರುವಾರ.