ಕೂಲರ್ ಮುಂದಿಟ್ಟ ಬೆಣ್ಣೆ

ಬಾಯಿ ಒಂದು ಸುಮ್ಮನಿದ್ದಿದ್ದರೆ ಶಿವಶರಣ ಆ ಭಾನುವಾರ ಕಲಬುರಗಿಯ ಗಾಜಿಪುರದ ತನ್ನ ಮನೆಯಲ್ಲಿ ಬನಿಯನ್ ಹಾಕಿಕೊಂಡು ಫ್ಯಾನಿನ ಕೆಳಗೆ ಬಿದ್ದಿರುತ್ತಿದ್ದ. ಆದರೆ ಸಹಕಾರ ಸಂಘದ ದೊಡ್ಡ ಸಾಹೇಬರು ಜಗದೇವಪ್ಪನವರು ಅವನಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಬಿಳಿ ಹಾಸಿನ ಮೇಜು, ಅದರ ತುಂಬ ಬಣ್ಣಬಣ್ಣದ ಬೆಣ್ಣೆ. ಒಂದೊಂದಕ್ಕೂ ಒಂದೊಂದು ರುಚಿಯಂತೆ. ಮೇಲೆ ಬೆಣ್ಣೆಯದೇ ಗುಲಾಬಿ ಬೇರೆ.

“ನಮ್ಮ ಮಗಳು ಪ್ರೀತಿ ತನ್ನ ಹಳದಿ ಫಂಕ್ಷನ್‌ಗೆ ಊಟದ ಟೇಬಲ್ ಹಿಂಗೇ ಇರಬೇಕಂತ ಹಟ ಹಿಡದಾಳ. ಅಡಗಿಯವರು ನೋಡಿದ್ರ, ಬೆಣ್ಣಿ ಅಂದ್ರ ರೊಟ್ಟಿ ಮ್ಯಾಲ ಬಡಿಯೂದು, ಹೂವು ಮಾಡೂದಲ್ಲ ಅಂತಾರ.”

“ಇಷ್ಟ ಏನ್ರೀ ಸಾಹೇಬ್ರ? ನಾ ಮಾಡ್ತೇನಿ ಬಿಡ್ರಿ. ನಮ್ಮ ಕಮಲಾಪುರದ ಎಮ್ಮಿ ಬೆಣ್ಣಿ ಕಂಡ್ರ ಈ ಫೋಟೊದಾಗಿನ ಬೆಣ್ಣಿ ನಾಚಿ ಕರಗಬೇಕು!” ಅಂದುಬಿಟ್ಟ ಶಿವಶರಣ. ಈ ಮಹಾನುಭಾವ ಮನೆಯಲ್ಲಿ ಒಂದು ಕಪ್ ಚಹಾ ಮಾಡಿಕೊಂಡವನಲ್ಲ.

ಅವನು ಬಾಯಿ ಬಿಟ್ಟದ್ದಕ್ಕೂ ಕಾರಣವಿತ್ತು. ಅವನು ಸಂಘದ ಕಮಲಾಪುರ ಶಾಖೆಯ ಗುಮಾಸ್ತ. ದಿನಾ ಕಲಬುರಗಿಯಿಂದ ಬಸ್ಸು ಹತ್ತಬೇಕು. ಹೆಂಡತಿ ನಸುಕಿನಲ್ಲಿ ಬಡಿದುಕೊಟ್ಟ ಜೋಳದ ರೊಟ್ಟಿ ಮಧ್ಯಾಹ್ನ ಡಬ್ಬಿ ತೆರೆಯುವಷ್ಟರಲ್ಲಿ ಹಳೇ ಚಪ್ಪಲಿಯ ಅಟ್ಟೆಯಂತೆ ಸೆಟೆದಿರುತ್ತಿತ್ತು. ಊರಿಗೆ ವರ್ಗವಾಗಬೇಕು, ಮಧ್ಯಾಹ್ನ ಮನೆಗೆ ಹೋಗಬೇಕು, ಹಂಚಿನ ಮೇಲಿಂದ ನೇರ ತಾಟಿಗೆ ಬಿದ್ದ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡಬೇಕು. ಅವನ ಆಸೆ ಇಷ್ಟೇ.

“ಇದೊಂದು ಕೆಲಸ ಛಂದಾಗಿ ಮಾಡಪಾ. ನಿನ್ನ ವರ್ಗಾವಣಿ ಮಾತು ಅವತ್ತೇ ರಾತ್ರಿ ಊಟ ಆದಮ್ಯಾಲ ಮುಗಿಸೋಣ,” ಅಂದರು ಸಾಹೇಬರು.

ಭಾನುವಾರ ಬೆಳಿಗ್ಗೆ ಕಮಲಾಪುರದಲ್ಲಿ ಎಮ್ಮೆ ಕಟ್ಟಿ ಬೆಣ್ಣೆ ಮಾರುವ ಸಾಬಮ್ಮನ ಅಂಗಳಕ್ಕೆ ಹೋದಾಗ ಆಕೆ ಆಗಷ್ಟೇ ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುತ್ತಿದ್ದಳು.

“ಬಣ್ಣ ಹಾಕ್ತೀರಾ? ನನ್ನ ಬೆಣ್ಣಿಗಾ?” ಆಕೆ ಗಡಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು. “ಅದೇನು ಹೋಳಿ ಹುಣ್ಣಿಮಿ ಆಡಾಕ ಬಂದದೇನ್ರೀ?”

ಪುಸಲಾಯಿಸಿ ಬೆಣ್ಣೆ ತಗೊಂಡು, ಸ್ಟೀಲ್ ಡಬ್ಬಿಯಲ್ಲಿಟ್ಟು, ಸುತ್ತ ಐಸ್ ತುಂಬಿ ಬಸ್ಸು ಹತ್ತಿದ. ಏಪ್ರಿಲ್ ಬಿಸಿಲು. ಬಸ್ಸಂತೂ ತಂದೂರಿ ಭಟ್ಟಿ. ಐಸಿನ ನೀರು ಪಕ್ಕದವರ ಕಾಲಿಗೆ ಹರಿದದ್ದೇ ತಡ, ಇಡೀ ಬಸ್ಸು ಬೆಣ್ಣೆಯ ಉಸ್ತುವಾರಿಗೆ ನಿಂತಿತು.

“ಡಬ್ಬಿಗೆ ಒದ್ದಿ ಬಟ್ಟಿ ಸುತ್ರೀ.”

“ಸುತ್ತಬ್ಯಾಡ್ರೀ, ಬೆವತು ಕೆಡ್ತದ. ಕಿಡಕಿಯಾಗ ಹಿಡೀರಿ.”

“ಕಿಡಕಿಯಾಗ ಹಿಡದ್ರ ತುಪ್ಪಾ ಇಳಿಸ್ಕೊಂಡು ಹೋಗಬೇಕಾಗ್ತದ!”

ಹಿಂದಿನ ಸೀಟಿನ ಮುದುಕನೊಬ್ಬ ಕರಗಿದೆಯೋ ಇಲ್ಲವೋ ನೋಡುತ್ತೇನೆಂದು ಬೆರಳು ಅದ್ದಿದ. ಸಂಶಯ ಬಗೆಹರಿಯಲಿಲ್ಲವೆಂದು ಮತ್ತೊಮ್ಮೆ ಅದ್ದಿದ.

ಮನೆ ಮುಟ್ಟಿದಾಗ ಬೆಣ್ಣೆ ಗಟ್ಟಿಯೂ ಅಲ್ಲ, ನೀರೂ ಅಲ್ಲ, ಮದುವೆಗೆ ಒಪ್ಪಿಯೂ ಒಪ್ಪದ ಹುಡುಗಿಯ ಹಾಗಿತ್ತು. ಅವನ ಮುಖ ನೋಡಿ ಪಕ್ಕದ ಮನೆಯ ಜೈನಾಬಿ ಡಬ್ಬಿಯನ್ನು ಕಸಿದುಕೊಂಡೇ ಹೋಗಿ ತನ್ನ ಫ್ರಿಜ್ಜಿಗೆ ತಳ್ಳಿದಳು. ಜೈನಾಬಿ ಮದುವೆ ಮನೆಗಳಲ್ಲಿ ಮೆಹಂದಿ ಹಚ್ಚುವವಳು. ಕೈಯಲ್ಲಿ ಕೋನ್ ಹಿಡಿದರೆ ನವಿಲು ತಾನಾಗಿ ಇಳಿಯುತ್ತಿತ್ತು.

“ಕೈಕು ಫಿಕರ್ ಕರ್ತೇ ಭಾಯಿ? ಚಿಂತಿ ಬಿಡು. ಗುಲಾಬಿ ಬೇಕೇನು? ನನ್ನ ಖಾಲಿ ಕೋನ್ ಅದಾವ. ಮೆಹಂದಿ ಬದಲಿ ಬೆಣ್ಣಿ ತುಂಬೂದು, ಹಿಂಡೂದು. ಬಸ್!”

ಶಿವಶರಣನ ಹೆಂಡತಿ ಒರಳು ತಂದಳು. ಒಂದು ಪಾಲು ಬೆಣ್ಣೆಗೆ ಅರಿಷಿಣ, ಬೆಳ್ಳುಳ್ಳಿ, ಕರಿಮೆಣಸು ಬಿತ್ತು. ಇನ್ನೊಂದಕ್ಕೆ ಕೊತ್ತಂಬರಿ, ಹಸಿಮೆಣಸಿನಕಾಯಿ. ಮೂರನೆಯದಕ್ಕೆ ಬೆಲ್ಲ, ಏಲಕ್ಕಿ. ಜೈನಾಬಿ ಹಳದಿಯನ್ನು ಹಿತ್ತಾಳೆ ಬಟ್ಟಲಿಗೆ ತುಂಬಿ ಸುತ್ತ ಚೆಂಡುಹೂವು ಜೋಡಿಸಿದಳು. ಬೆಲ್ಲದ್ದನ್ನು ಪುಟ್ಟ ಪುಟ್ಟ ಪೇಡೆಯ ಹಾಗೆ ತಟ್ಟಿದಳು. ಹಸಿರನ್ನು ಕೋನುಗಳಿಗೆ ತುಂಬಿ ಪಿನ್ನು ಚುಚ್ಚಿಕೊಟ್ಟಳು.

“ಇದರ ಹೂವು ಈಗ ಮಾಡಿದ್ರ ದಾರ್ಯಾಗ ಕರಗ್ತದ. ಊಟಕ್ಕ ಕೂಡೋ ಮುಂದ ಅಲ್ಲೇ ಹಿಂಡು.”

ಆಟೊ ಸೂಪರ್ ಮಾರ್ಕೆಟ್ ಬೀದಿಯ ಗದ್ದಲದಲ್ಲಿ ಸಿಕ್ಕಿಕೊಂಡಿತು. ಸಾಹೇಬರ ಮನೆ ಮುಟ್ಟುವಷ್ಟರಲ್ಲಿ ಹಳದಿ ಬೆಣ್ಣೆ ಬೆವರುತ್ತಿತ್ತು, ಶಿವಶರಣ ಅದಕ್ಕಿಂತ ಹೆಚ್ಚು. ಊಟದ ಮೇಜು ಕಾದ ತಗಡಿನ ಮಾಡಿನ ಕೆಳಗಿತ್ತು, ಅಲ್ಲಿಟ್ಟರೆ ಬೆಣ್ಣೆಗೆ ಉಳಿಗಾಲವಿಲ್ಲ. ಸುತ್ತ ನೋಡಿದ. ನಡುಮನೆಯಲ್ಲಿ ದೊಡ್ಡ ಕೂಲರ್ ಭೋರ್ ಅಂತ ಗಾಳಿ ಬಿಡುತ್ತಿತ್ತು. ಅದರ ಮುಂದೆ ಅಲಂಕಾರ ಮಾಡಿದ ಎರಡು ಕುರ್ಚಿ, ನಡುವೆ ಒಂದು ಪುಟ್ಟ ಸ್ಟೂಲು. ದೇವರೇ ತೋರಿಸಿದ ಜಾಗ! ಬಟ್ಟಲು, ಪೇಡೆ, ಕೋನು ಎಲ್ಲವನ್ನೂ ಸ್ಟೂಲಿನ ಮೇಲೆ ಒಪ್ಪವಾಗಿ ಇಟ್ಟು ಐಸ್ ಹುಡುಕಿಕೊಂಡು ಹೊರಗೆ ಓಡಿದ.

ಆ ಕುರ್ಚಿಗಳು ಯಾರಿಗೆ ಅನ್ನುವುದು ಅವನ ತಲೆಗೆ ಹೊಳೆದದ್ದು ಐಸ್ ಹೊತ್ತು ತಿರುಗಿ ಬಂದಾಗ.

ಮದುಮಗ ದಿಲೀಪ ಒಂದು ಕುರ್ಚಿಯಲ್ಲಿ, ಪ್ರೀತಿ ಇನ್ನೊಂದರಲ್ಲಿ. ದಿಲೀಪನ ಅಜ್ಜಿ ಶಂಕ್ರಮ್ಮ ಹಿರಿಯಳೆಂದು ಮೊದಲು ಹಿತ್ತಾಳೆ ಬಟ್ಟಲಿಗೆ ಕೈ ಹಾಕಿ ಮೊಮ್ಮಗನ ಎರಡೂ ಕೆನ್ನೆಗೆ ಧಾರಾಳವಾಗಿ ಬಳಿದಾಗಿತ್ತು. ಹಿಂದೆ ಮುತ್ತೈದೆಯರ ಸಾಲು ಹಣೆ, ಕುತ್ತಿಗೆ, ಮೊಣಕೈ ಬಿಡಲಿಲ್ಲ.

“ಅಜ್ಜಿ, ಉರೀತದ!” ಅಂದ ದಿಲೀಪ.

“ಉರೀಲಿ ಬಿಡು. ಖರೇ ಅರಿಷಿಣ ಅಂದ್ರ ಹಂಗೇ. ನಮ್ಮ ಕಾಲದಾಗ ಗಂಡಸರು ಹಿಂಗ ಒದರ್ತಿದ್ದಿಲ್ಲ.”

ಈಚೆ ಪ್ರೀತಿಯ ಗೆಳತಿ ಕೋನ್ ಹಿಡಿದು ಪ್ರೀತಿಯ ಅಂಗೈ ಮೇಲೆ ಬಳ್ಳಿ ಬಿಡಿಸುತ್ತಿದ್ದಳು. ಬಳ್ಳಿ ಬಿಡಿಸಿದಲ್ಲಿ ನಿಲ್ಲದೆ ಮೊಣಕೈ ಕಡೆ ಜಾರುತ್ತಿತ್ತು.

“ಮೆಹಂದಿ ತಂಪದ,” ಅಂದಳು ಪ್ರೀತಿ ಮೂಗು ಅರಳಿಸಿ, “ಆದ್ರ ಯಾಕೋ ಹಸಿವು ಆಗಾಕತ್ತದಲ್ಲ?”

ಪೇಡೆಯೆಂದು ಇಡಿಯಾಗಿ ಬಾಯಿಗೆ ಹಾಕಿಕೊಂಡ ವರನ ಸೋದರಮಾವ ಕಣ್ಣು ಮೇಲೆ ಮಾಡಿ ನಿಂತಿದ್ದ. ಉಗುಳಿದರೆ ಬೀಗರಿಗೆ ಅವಮಾನ, ನುಂಗಿದರೆ ಗಂಟಲಿಗೆ.

ಶಿವಶರಣನ ಕೈಯಿಂದ ಐಸ್ ಜಾರಿ ನೆಲಕ್ಕೆ ಬಿತ್ತು. “ಅಯ್ಯೋ ನಿಲ್ಲಿಸ್ರೀ! ಅದು ಅರಿಷಿಣ ಅಲ್ರೀ, ಊಟದ ಬೆಣ್ಣಿ! ಅದರಾಗ ಮೆಣಸು ಅದ!”

ಬಳಿಯುವುದು ನಿಂತಿತು. ಕೂಲರ್ ಮಾತ್ರ ಬೆಳ್ಳುಳ್ಳಿಯ ಪರಿಮಳವನ್ನು ಕೊನೆಯ ಕೋಣೆಯ ತನಕ ಮುಟ್ಟಿಸುತ್ತಿತ್ತು. ಜಗದೇವಪ್ಪನವರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಶಿವಶರಣನ ಕಣ್ಣ ಮುಂದೆ ಕಲಬುರಗಿಯ ಬಿಸಿ ರೊಟ್ಟಿ ರೆಕ್ಕೆ ಬಿಚ್ಚಿ ಹಾರಿಹೋಯಿತು.

ಅಷ್ಟರಲ್ಲಿ ಶಂಕ್ರಮ್ಮ ತನ್ನ ಬೆರಳು ನೋಡಿಕೊಂಡಳು. ಮೂಸಿದಳು. ನೆಕ್ಕಿದಳು. ಇನ್ನೊಂದು ಬೆರಳನ್ನೂ ನೆಕ್ಕಿದಳು.

“ಏ, ನಿಂತು ಏನ್ ನೋಡಾಕತ್ತೀರಿ?” ಗುಡುಗಿದಳು ಅಜ್ಜಿ. “ಬಿಸಿ ರೊಟ್ಟಿ ತರ್ರೀ!”

ರೊಟ್ಟಿ ಬಂತು. ಅಜ್ಜಿ ಒಂದು ತುಂಡು ಮುರಿದು ಮೊಮ್ಮಗನ ಎಡಗೆನ್ನೆ ಒರೆಸಿ ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿ ಅಗಿದು, ಬಲಗೆನ್ನೆಗೆ ಬಂದಳು. ಮುತ್ತೈದೆಯರು ನಗುತ್ತ ಬಟ್ಟಲಿಗೆ ಮುತ್ತಿದರು. ಪ್ರೀತಿ ತನ್ನ ಅಂಗೈ ಬಳ್ಳಿಯನ್ನು ರೊಟ್ಟಿಗೆ ಬಳಿದುಕೊಂಡಳು. ಊಟದ ಮೇಜಿನತ್ತ ಯಾರೂ ಹೋಗಲೇ ಇಲ್ಲ. ಮುಖ ತೊಳೆದು ಬಂದ ದಿಲೀಪನಿಗೂ ಒಂದು ರೊಟ್ಟಿ ಸಿಕ್ಕಿತು, ಬೆಣ್ಣೆ ಸಿಗಲಿಲ್ಲ.

ಊಟವಾದ ಮೇಲೆ ಸಾಹೇಬರು ಶಿವಶರಣನ ಹೆಗಲ ಮೇಲೆ ಕೈ ಹಾಕಿ ಅಂಗಳಕ್ಕೆ ಕರೆದುಕೊಂಡು ಬಂದರು.

“ಮರ್ಯಾದಿ ಉಳಿಸಿದಿ ತಮ್ಮಾ. ಬೀಗರಂತೂ ಹುಚ್ಚಾಗ್ಯಾರ. ಅಲ್ಲಾ, ಖರೇ ಹೇಳ್ತೇನಿ ಕೇಳು. ನಿನ್ನ ಹೆಸರು ಇವತ್ತು ಮುಂಜಾನಿನೇ ಕಲಬುರಗಿಗೆ ಪಕ್ಕಾ ಮಾಡಿಟ್ಟಿದ್ದೆ. ಬೆಣ್ಣಿ ಹೆಂಗರೆ ಆಗಲಿ, ಪಾಪ, ಹುಡುಗ ಬಿಸಿಲಾಗ ಓಡ್ಯಾಡ್ಯಾನ ಅಂತ.”

“ಸಾಹೇಬ್ರ!” ಶಿವಶರಣನ ಕಣ್ಣು ತುಂಬಿತು.

“ಈಗ ಫೋನ್ ಮಾಡಿ ಅದನ್ನ ನಿಲ್ಲಿಸಿದೆ.”

“ಆಂ?”

“ಮತ್ತೇನು? ನಿನ್ನ ಅಲ್ಲಿಂದ ಎತ್ತಿದ್ರ ಕಮಲಾಪುರದ ಬೆಣ್ಣಿ ತರವರು ಯಾರು? ಮದುವಿಗೂ ಇದೇ ಬೇಕು ಅಂತ ಶಂಕ್ರಮ್ಮ ಪಟ್ಟು ಹಿಡದಾರ. ಆಮ್ಯಾಲ ಪ್ರೀತಿ ಬಸರಾದ್ರ ಕುಬಸ ಬರ್ತದ, ಕೂಸಿನ ತೊಟ್ಟಿಲ ಬರ್ತದ. ಒಟ್ಟ ನೀ ಎಲ್ಲಿಗೂ ಹೋಗಬ್ಯಾಡ. ನಿನ್ನಂಥ ಮನಿಷಾ ಅಲ್ಲೇ ಇರಬೇಕು!”

ಸೋಮವಾರ ಮಧ್ಯಾಹ್ನ ಕಮಲಾಪುರ ಶಾಖೆಯ ಬಾಗಿಲಿಗೆ ಸಾಬಮ್ಮ ಬಂದಳು, ಸೊಂಟದ ಮೇಲೆ ಗಡಿಗೆ. ಶಿವಶರಣ ಆಗಷ್ಟೇ ಡಬ್ಬಿ ತೆರೆದಿದ್ದ. ಒಳಗೆ ಸೆಟೆದ ರೊಟ್ಟಿ.

“ಸಾಬಮ್ಮ, ಒಂದು ಉಂಡಿ ಬೆಣ್ಣಿ ಹಾಕು ಇದರ ಮ್ಯಾಲ.”

ಸಾಬಮ್ಮ ಗಡಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

“ನಿಮಗೆಲ್ಲೀ ಬೆಣ್ಣಿರೀ? ನಿಮ್ಮ ಸಾಹೇಬರು ಫೋನ್ ಮಾಡ್ಯಾರ, ಇನ್ನ ಬೆಣ್ಣಿ ಪೂರಾ ಅವರ ಮನಿಗೇ ಅಂತ. ಸಂಜಿಗೆ ಹೋಗೋ ಮುಂದ ನೀವೇ ಒಯ್ಯಬೇಕಂತ. ಒಂದು ಹನಿನೂ ಕಮ್ಮಿ ಆಗಬಾರದಂತ.” ಅವನ ಮುಖ ನೋಡಿ ಆಕೆಗೆ ಕರುಣೆ ಬಂತು. “ಮಜ್ಜಿಗಿ ಹಾಕ್ಲೇನ್ರೀ?”

ಶಿವಶರಣ ರೊಟ್ಟಿ ಮುರಿದ. ಅದು ‘ಕಟ್’ ಅಂದಿತು.