ಮಿರಜದಾಗ ತಂಬೂರಿ ಅಡ್ಮಿಟ್ ಮಾಡಿದ್ದು

ಗಾಡಿಯೊಳಗ ಮನಿ ಮಾಡಿಕೊಂಡು ಊರೂರು ತಿರುಗೋ ಗಂಡ ಹೆಂಡತಿನ್ನ ಕಂಡ್ರ ಜನಕ್ಕ ಸುಮ್ಮನಿರಾಕ ಆಗೂದಿಲ್ಲ, ಏನಾರ ಒಂದು ತಿಳಕೊಂಡ ತಿಳಕೋತಾರ. ನಮ್ಮನ್ನ ಔಷಧ ಮಾರವರು ಅಂದಾರ, ಸರ್ಕಸ್ಸಿನವರು ಅಂದಾರ, ಒಂದೂರಾಗ ಜನಗಣತಿಗೆ ಬಂದವರಂತ ಮನಿಮಂದಿ ಹೆಸರೆಲ್ಲಾ ಬರಿಸಿ ಚಹಾನೂ ಕುಡಿಸ್ಯಾರ. ನಾವು ಗದಗಿನವರು. ನಾನು ಸಾಲಿ ಟೀಚರ್ ಆಗಿ ರಿಟೈರ್ ಆದಾಕಿ, ನಮ್ಮನಿಯವರು ಮೂವತ್ತು ವರ್ಷ ಬಸ್ ಹೊಡದವರು. ಹಳೆ ಟೆಂಪೋದಾಗ ಮಂಚ, ಗ್ಯಾಸಿನ ಒಲಿ, ನೀರಿನ ಡ್ರಮ್ಮು, ಕಿಟಕಿಗೆ ಪಡದೆ ಎಲ್ಲಾ ಅವರೇ ಕೂಡಿಸ್ಯಾರ. ಹೋದ ವರ್ಷ ಸಾಂಗ್ಲಿ, ಮಿರಜ ನೋಡೂಣಂತ ಹೊಂಟ್ವಿ. ನೋಡಿದ್ದು ಸ್ವಲ್ಪ, ಆಗಿದ್ದು ಭಾಳ.

ಆರಗದ ಆಡು

ಮಿರಜಿಗಿಂತ ಮೊದಲ ಆರಗ ಅಂತ ಹಳ್ಳಿ ಬರ್ತೈತಿ. ಅಲ್ಲೆ ಒಂದು ಆಡು ರಸ್ತೆಕ್ಕ ಅಡ್ಡ ಬಂತು. ನಮ್ಮನಿಯವರು ಗಪ್ಪನೆ ಬ್ರೇಕ್ ಹಾಕಿದ್ರು. ಆಡು ಉಳೀತು. ಮಂಚದ ಮ್ಯಾಲಿದ್ದ ತಂಬೂರಿ ಕೆಳಗ ಬಿದ್ದು ಅದರ ಸೋರೆ ಬುರುಡೆ ಸೀಳಿತು.

ಅದು ನಮ್ಮವ್ವನ ತಂಬೂರಿ. ಅವ್ವ ಹೋದ ಮ್ಯಾಲ ಆಕಿ ಧ್ವನಿ ಅಂತ ನನಗ ಉಳದದ್ದು ಅದೊಂದ. ನಾ ರಸ್ತೆದಾಗ ಕುಂತು ಅತ್ತೆ. "ಒಂದು ಜೀವ ಉಳೀತಲ್ಲ" ಅಂದ್ರು ನಮ್ಮನಿಯವರು. ಅವತ್ತಿಂದ ನಾ ಅವರ ಜೋಡಿ ಮಾತು ಬಿಟ್ಟೆ. ಎಡಕ್ಕ, ಬಲಕ್ಕ, ಊಟ ಆತು, ಇಷ್ಟ.

ಆಡಿನ ಮಾಲಕ ಓಡಿ ಬಂದ. ಸೀಳು ನೋಡಿ, ನನ್ನ ಮಾರಿ ನೋಡಿ, ಭಾಳ ಸಮಾಧಾನದಿಂದ ಅಂದ: "ಅಕ್ಕಾರ, ಅಳಬ್ಯಾಡ್ರಿ. ತಂಬೂರಿ ಒಡ್ಯಾಕ ಇದಕ್ಕಿಂತ ಚಲೋ ಜಾಗ ದೇಶದಾಗ ಸಿಗೂದಿಲ್ಲ. ಅದನ್ನ ಮಾಡೋ ಊರು ಇಲ್ಲೆ ಮುಂದ ಐತಿ."

ಪೇಶಂಟ್ ಯಾರು

ನಮ್ಮ ಕಡೆ ಮಂದಿ ಮಿರಜಿಗೆ ಬರೂದು ದವಾಖಾನಿಗೆ. ಕರ್ನಾಟಕದ ನಂಬರಿನ ಗಾಡಿ, ಕಿಟಕಿಗೆ ಪಡದೆ, ಒಳಗ ಮಂಚ, ಮಂಚದ ಮ್ಯಾಲ ಚಾದರ ಹೊದಿಸಿ ಮಲಗಿಸಿದ್ದು ಏನೋ ಒಂದು, ಬಾಜೂಕ ಅಳಾಕತ್ತ ಹೆಣಮಗಳು. ಊರು ಹೊಕ್ಕ ಕೂಡಲೆ ಒಬ್ಬ ರಿಕ್ಷಾದಾವ ಒಳಗ ಹಣಿಕಿ ಹಾಕಿ, "ಮಾಝ್ಯಾ ಮಾಗೆ ಯಾ, ನನ್ನ ಹಿಂದ ಬರ್ರಿ" ಅಂತ ಮುಂದ ಹೊಂಟೇಬಿಟ್ಟ. ಚೌಕಿನಾಗ ಪೊಲೀಸಪ್ಪ ಎಲ್ಲಾ ಗಾಡಿ ನಿಲ್ಲಿಸಿ ನಮಗ ದಾರಿ ಮಾಡಿಕೊಟ್ಟ. ನಮ್ಮನಿಯವರಿಗೆ ಮೂವತ್ತು ವರ್ಷದಾಗ ಇಂಥಾ ಮರ್ಯಾದಿ ಸಿಕ್ಕಿರಲಿಲ್ಲ, ಹಿಗ್ಗಿನಾಗ ಸೀದಾ ಹೋಗಿ ಒಂದು ದವಾಖಾನಿ ಬಾಗಿಲಿಗೆ ನಿಂತ್ರು.

ಇಬ್ಬರು ಸ್ಟ್ರೆಚರ್ ತಂದ್ರು. "ಪೇಶಂಟ್ ಯಾರ್ರಿ?"

ನಮ್ಮನಿಯವರಿಗೆ ಸುಳ್ಳು ಹೇಳಾಕ ಬರೂದಿಲ್ಲ, ಖರೇ ಹೇಳಾಕ ಧೈರ್ಯ ಸಾಲೂದಿಲ್ಲ. ಮಂಚದ ಕಡೆ ಬಟ್ಟು ತೋರಿಸಿದ್ರು. ಹಿರಿಯಾವ ಚಾದರ ಸರಿಸಿದ. ನಾ ಬೈಗಳಕ್ಕ ತಯಾರಾಗಿ ಕುಂತೆ. ಅಂವ ನಗಲಿಲ್ಲ, ಬೈಲಿಲ್ಲ. ಸೀಳಿನ ಮ್ಯಾಲ ಬೆರಳಾಡಿಸಿ, ಚಾದರ ಮತ್ತ ಕುತ್ತಿಗಿತನಕ ಹೊದಿಸಿ ಹೇಳಿದ: "ಇದು ನಮ್ಮಲ್ಲಿ ಆಗೂದಿಲ್ರಿ. ಸಿತಾರ ಮಾಡವರ ಗಲ್ಲಿಗೆ ಒಯ್ರಿ. ತಡಾ ಮಾಡಬ್ಯಾಡ್ರಿ."

ಭೆಟ್ಟಿ ಟೈಮು

ಸಿತಾರ ಗಲ್ಲಿಯೊಳಗ ಬಿಳಿ ಗಡ್ಡದ ಚಾಚಾ ಒಬ್ಬರು ಕಟ್ಟಿಗಿ ಕೆತ್ತಿಕೋತ ಕುಂತಿದ್ರು. ನಮ್ಮ ಕಡೆ ಹಾಡವರ ಸಹವಾಸದಾಗ ಕನ್ನಡ ಕಲತವರು. ನಾ ಹೇಳಿದ ಆಡಿನ ಕಥಿ ಕೇಳಿಕೋತ ಬುರುಡೆಗೆ ಬೆರಳಿಲೆ ತಟ್ಟಿದ್ರು, ಕಿವಿ ಹಚ್ಚಿದ್ರು, ಮತ್ತ ತಟ್ಟಿದ್ರು.

"ಹೊಸ ಬುರುಡೆ ಹಾಕಬಹುದು. ಆದ್ರ ಧ್ವನಿ ಬ್ಯಾರೆ ಆಗ್ತದ. ಇದನ್ನ ಕೂಡಿಸಬೇಕಂದ್ರ ನಾಕು ದಿನ ಇಲ್ಲೆ ಬಿಡ್ರಿ. ಕೂಡೇ ಕೂಡ್ತದಂತ ಈಗ ಹೇಳೂದಿಲ್ಲ."

"ಹೊಸದು ಬ್ಯಾಡ್ರಿ, ಅವ್ವನ ಧ್ವನಿ ಬೇಕು" ಅಂದೆ. ಅವರು ನನ್ನ ಮಾರಿ ನೋಡಿ ತಲಿ ಆಡಿಸಿದ್ರು.

"ದಿನಾ ಬಂದು ನೋಡಬಹುದೇನ್ರಿ?" ಅಂತ ನಮ್ಮನಿಯವರು ಸಣ್ಣ ದನಿಲೆ ಕೇಳಿದ್ರು.

"ಸಂಜಿ ನಾಕರಿಂದ ಆರು. ಕೈ ಹಚ್ಚಬಾರದು."

"ಬರೂ ಮುಂದ ಏನಾರ ತರಬೇಕೇನ್ರಿ?"

"ಬಾಳೆಹಣ್ಣು ತರ್ರಿ," ಅಂದ್ರು ಚಾಚಾ. "ನನಗ."

ಹಳದಿ ಮಂಚ

ಆ ನಾಕು ದಿನ ಊರು ನೋಡಿದ್ವಿ. ಕೃಷ್ಣಾ ಘಾಟಿನಾಗ ಕಾಲು ಇಳಿಬಿಟ್ಟು ಕುಂತ್ವಿ, ಗಣಪತಿ ಗುಡಿಗೆ ಹೋಗಿ ಬುರುಡೆ ಕೂಡಲೆಪ್ಪ ಅಂತ ಬೇಡಿಕೊಂಡ್ವಿ, ಖಾರದ ಭಡಂಗ್ ಚುರಮರಿ ತಿಂದು ಇಬ್ಬರೂ ಕಣ್ಣೀರು ಹಾಕಿದ್ವಿ. ಮಾತು ಮಾತ್ರ ಇಲ್ಲ. ಮೂರನೇ ದಿನ ನಮ್ಮನಿಯವರು ದಾರಿ ಕೇಳದೇ ಸಾಂಗ್ಲಿ ಅರಿಶಿಣ ಪ್ಯಾಟಿಗೆ ಗಾಡಿ ಹೊಗಿಸಿದ್ರು. ಮೂವತ್ತು ವರ್ಷ ಬಸ್ ಹೊಡದಾವ ದಾರಿ ಕೇಳಬಾರದಂತ ಎಲ್ಲೆ ಬರದೈತೋ ಗೊತ್ತಿಲ್ಲ. ಅರಿಶಿಣ ತಗೊಂಡು ಮಾರೋ ಒಂದು ಅಡತಿ ಅಂಗಡಿ ಮುಂದ ಸಿಕ್ಕೊಂಡ್ವಿ. ಶಕಿ ಭಾಳ ಇತ್ತು, ಹಿಂದಿನ ಬಾಗಿಲ ತಗದಿಟ್ಟು ಚಹಾಕ್ಕ ಹೋದ್ವಿ.

ಆ ಪ್ಯಾಟಿದಾಗ ಅಂಗಡಿಗೆ ಬೆನ್ನು ಕೊಟ್ಟು ಬಾಗಿಲ ತಗದು ನಿಂತ ಗಾಡಿ ಅಂದ್ರ ಮಾಲು ತುಂಬೂ ಗಾಡಿ. ತಿರುಗಿ ಬರೂದ್ರಾಗ ನಮ್ಮ ಮಂಚದ ಮ್ಯಾಲ ಆರು ಚೀಲ ಅರಿಶಿಣ ಕುಂತಿದ್ವು. ವಿಜಯಪುರದ ಕಡೆ ಹಮಾಲ ಏಳನೇದು ಹೊತ್ತು ನಿಂತಿದ್ದ. ನನ್ನ ನೋಡಿ ಬೈದ: "ಯಕ್ಕಾ, ಮಾಲು ಹೇರೂ ಗಾಡಿಯೊಳಗ ಯಾರರ ಹಾಸಿಗಿ ಹಾಸ್ತಾರೇನು? ಹೊಲಸಾಗೂದಿಲ್ಲ?"

ಅಂಗಡಿ ಸಾಹುಕಾರ್ರು ಕನ್ನಡದವರು. ನಾಚಿಕಿಯಿಂದ ಕರಕೊಂಡು ಹೋಗಿ, ಅವರ ಮನಿಯಾಗ "ಕುಂದ್ರಿ, ಕುಂದ್ರಿ" ಅಂತ ರೊಟ್ಟಿ, ಎಣಗಾಯಿ, ಹೋಳಿಗಿ ಬಡಿಸಿದ್ರು. ಗುರುತಿಲ್ಲದ ಊರಾಗ ಹೊಟ್ಟಿ ತುಂಬ ಉಂಡು ನನ್ನ ಮನಸ್ಸು ತುಂಬಿ ಬಂತು. ನಮ್ಮನಿಯವರು ಕೈ ತೊಳಕೊಂಡು ಮೆಲ್ಲಕ ಕೇಳಿದ್ರು, "ನಾಳೆನೂ ಇಲ್ಲೇ ಬಾಗಿಲ ತಗದು ನಿಲ್ಲಿಸೂದೇನು?"

ಪರೀಕ್ಷೆ

ನಾಕನೇ ದಿನ ಬುರುಡೆ ಕೂಡಿತ್ತು. ಚಾಚಾ ತಂತಿ ಬಿಗದು ಶ್ರುತಿ ಹಿಡದಿಟ್ಟಿದ್ರು, ಆದ್ರ ನನ್ನ ಕೈಯಾಗ ಕೊಡಲಿಲ್ಲ. "ಕೂಡಿಸಿದ್ದು ಇನ್ನೂ ಹಸಿ ಐತಿ. ಗದಗಿನ ತನಕ ರಸ್ತೆ. ಗಾಡಿ ಹೊಡ್ಯಾವ ಯಾರು?"

ನಮ್ಮನಿಯವರು ಕೈ ಎತ್ತಿದ್ರು.

"ಆಡಿಗೆ ಬ್ರೇಕ್ ಹಾಕಿದಾವ?"

ಎತ್ತಿದ ಕೈ ಅರ್ಧಕ್ಕ ಇಳೀತು. ಚಾಚಾ ತಂಬೂರಿ ಅವಚಿಕೊಂಡು ಬಂದು ನಮ್ಮ ಮಂಚದ ಮ್ಯಾಲ ಚಕ್ಕಳಬಕ್ಕಳ ಹಾಕಿ ಕುಂತು, ಬುರುಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ್ರು. "ಗಲ್ಲಿ ಒಂದು ಸುತ್ತು ಹಾಕ್ರಿ. ತಂತಿ ಮಿಸುಕಬಾರದು." ನಾನೂ ಅವರ ಬಾಜೂಕ ಕುಂತೆ.

ಮೊದಲ ಸುತ್ತಿನಾಗ ಹಂಪ್ಸ್ ಬಂತು, ತಂತಿ ಝೂಂ ಅಂತು. "ಫೇಲ್," ಅಂದ್ರು ಚಾಚಾ. ಎರಡನೇದ್ರಾಗ ತಗ್ಗು ಬಂತು. "ಫೇಲ್." ಮೂವತ್ತು ವರ್ಷ ಘಾಟು ಹತ್ತಿ ಇಳದ ಮನಷ್ಯಾಗ ಬೆವರು ಕಿತ್ತು ಬಂತು. ಮೂರನೇದಕ್ಕ ಚಪ್ಪಲಿ ಬಿಚ್ಚಿ, ಬರಿಗಾಲಿಲೆ ಕ್ಲಚ್ ಒತ್ತಿ, ಹಾಲಿನ ಪಾತೇಲಿ ಒಯ್ದಂಗ ಗಾಡಿ ಬಿಟ್ರು. ಸೈಕಲ್‌ನವರು ದಾಟಿ ಹೋದ್ರು. ಕೋಲು ಹಿಡದ ಅಜ್ಜಿ ದಾಟಿ ಹೋದಳು. ಹಿಂದ ರಿಕ್ಷಾ ಸಾಲು ಹಚ್ಚಿದ್ವು. ಪಡದೆ ಸರದಿತ್ತು, ಒಳಗ ಬಿಳಿ ಗಡ್ಡ, ಮುಚ್ಚಿದ ಕಣ್ಣು. ಯಾರೋ ದೊಡ್ಡ ಸಾಧು ಮಹಾರಾಜರ ಮೆರವಣಿಗಿ ಅಂತ ತಿಳಕೊಂಡು ರಿಕ್ಷಾದವರು ಹಾರ್ನ್ ಬಾರಸೂದು ಬಿಟ್ರು. ಅಂಗಡಿ ಕಟ್ಟಿ ಮ್ಯಾಲಿನ ಮಂದಿ ಎದ್ದು ಕೈ ಮುಗದ್ರು. ಹೂವಿನಾಕಿ ಓಡಿ ಬಂದು, ಒಳಗ ಕೈ ಮುಟ್ಟಲಾರದ್ದಕ್ಕ, ಡ್ರೈವರ್ ಕೊರಳಿಗೇ ಹಾರ ಹಾಕಿದಳು. ನಮ್ಮನಿಯವರು ಹಾರದಾಗ ಮೂಗು ಸಿಕ್ಕೊಂಡ್ರೂ ಸ್ಟೇರಿಂಗ್ ಬಿಡಲಿಲ್ಲ.

ಗಾಡಿ ನಿಂತಿತು. ತಂತಿ ಗಪ್ಪಂತ ಇತ್ತು. ನಮ್ಮನಿಯವರು ಹಾರದ ಸಮೇತ ಇಳದು ಬಂದು ಸಾಲಿ ಹುಡುಗನಂಗ ನಿಂತು ಕೇಳಿದ್ರು, "ಪಾಸಾದೆನೇನ್ರಿ?"

"ಅದನ್ನ ಈ ಬಾಯಾರ ಹೇಳಬೇಕು," ಅಂತ ಚಾಚಾ ತಂಬೂರಿ ನನ್ನ ತೊಡಿ ಮ್ಯಾಲ ಇಟ್ರು.

ಮೀಟಿದೆ. ಅವ್ವ ಬಂದಳು. ಅದೇ ಧ್ವನಿ, ಎಳ್ಳಷ್ಟೂ ಬದಲಿಲ್ಲ. ಕಣ್ಣು ಒರಸಿಕೊಂಡು ಚಾಚಾರ ಕಾಲು ಮುಟ್ಟಾಕ ಹೋದೆ, ಅವರು ಬ್ಯಾಡ ಬ್ಯಾಡ ಅಂತ ಹಿಂದ ಸರದು, ನನ್ನ ಗಂಡನ ಕಡೆ ಕೈ ತೋರಿಸಿದ್ರು. ಆ ಮನಷ್ಯಾ ಇನ್ನೂ ನಿಂತಿದ್ರು, ಬರಿಗಾಲಿಲೆ, ರಿಸಲ್ಟಿಗೆ ಕಾಯಕೋತ. ನಾಕು ದಿನದ ಮ್ಯಾಲ ನಾ ಅವರಿಗೆ ಒಂದು ಪೂರಾ ಮಾತು ಆಡಿದೆ:

"ಪಾಸ್ ಆಗೀರಿ. ಗ್ರೇಸ್ ಮಾರ್ಕ್ಸ್ ಕೊಟ್ಟೇನಿ."