ಸುಣ್ಣ ಎರಚಿಕೊಂಡ ಮೈದುನ

ನನ್ನ ಮೈದುನನಿಗೆ ಬಂದಿದ್ದು ಯಾವ ಗುಪ್ತರೋಗವೂ ಅಲ್ಲ, ಸುಣ್ಣ. ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣ. ಹುಳುವಿನ ಹಾಸಿಗೆಗೆ ಎರಚಬೇಕಾದ್ದನ್ನು ಎರಚಬಾರದ ಜಾಗಕ್ಕೆ ಎರಚಿಕೊಂಡ, ಅಷ್ಟೇ ಕತೆ. ಮಿಕ್ಕಿದ್ದೆಲ್ಲ ಅವನ ತಲೆಯೊಳಗೆ ಅವನೇ ಕಟ್ಟಿಕೊಂಡ ಗೂಡು. ಹೆಸರು ಮಾತ್ರ ಹೇಳುವುದಿಲ್ಲ. ಬಂಡಳ್ಳಿಗೆ ಬಂದು, ಕಾಲಗಲಿಸಿಕೊಂಡು ನಡೆಯುತ್ತಿದ್ದವನು ಯಾರು ಅಂತ ಕೇಳಿ, ಕೂಸುಗಳೂ ಮನೆ ತೋರಿಸುತ್ತವೆ!

ಅವನು ರೇಷ್ಮೆ ಹುಳು ಸಾಕುವವನು. ಸಾಕುವವನು ಅಂದರೆ ಸಾಲದು, ಲೋಕವನ್ನೆಲ್ಲ ಹುಳು ಅಂತಲೇ ತಿಳಿದವನು. ನಾನು ಕೆಮ್ಮಿದರೆ, ರೋಗದ ಹುಳುವಿಗೆ ಮಾಡುವ ಹಾಗೆ, ಚಾಪೆ ಬೇರೆ ಮಾಡು ಅನ್ನುತ್ತಾನೆ. ನನ್ನ ಮೊಮ್ಮಗಳು ಊಟ ಬಿಟ್ಟರೆ ಅದು ಹುಳುವಿಗೆ ಬರುವ ಸಪ್ಪೆ ರೋಗ. ಯಾರೇ ಬರಲಿ, ಹುಳುಮನೆ ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ಟಬ್ಬಿನಲ್ಲಿ ಕಾಲದ್ದಿಯೇ ಒಳಗೆ ಬರಬೇಕು. ಬೀಗಿತ್ತಿಯೊಬ್ಬಳು ಇದೇನೋ ಕಾಲಿಗೆ ನೀರು ಕೊಡುವ ಮರ್ಯಾದೆ ಅಂದುಕೊಂಡು ಮುಖವನ್ನೂ ತೊಳೆದುಕೊಂಡಳು. ಇವತ್ತಿಗೂ ನಮ್ಮ ಬೀದಿಗೆ ತಲೆ ಹಾಕಿಲ್ಲ!

ನನ್ನ ಗಂಡನ ತಮ್ಮ ತಾನೇ, ಹೆಂಡತಿ ತೀರಿಕೊಂಡ ಮೇಲೆ ಅವನ ಊಟ ನನ್ನ ಮನೆಯಲ್ಲೇ. ಇಬ್ಬರದೂ ಒಂದೇ ಅಂಗಳ. ಹಾಗಾಗಿ ಅವನು ಬೈಕಿಗೆ ಗೋಣಿಚೀಲ ಕಟ್ಟಿಕೊಂಡು ಹಿಪ್ಪುನೇರಳೆ ಸೊಪ್ಪು ತರಲು ಯಳಂದೂರಿಗೆ ಹೋಗತೊಡಗಿದ್ದು ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ? ನಮ್ಮ ತೋಟದ ಸೊಪ್ಪು ಹಣ್ಣಾಗಿ ಉದುರುತ್ತಿದೆ, ಇವನು ಕೊಳ್ಳೇಗಾಲ ದಾಟಿಕೊಂಡು ಸೊಪ್ಪಿಗೆ ಹೋಗುತ್ತಾನೆ! ಕೇಳಿದ್ದಕ್ಕೆ, ಅಲ್ಲಿಯ ಸೊಪ್ಪು ಮೆತ್ತಗಿರುತ್ತದೆ ಅಂದ. ಆ ತೋಟದ ಒಡತಿ ಗಂಡ ಸತ್ತವಳು ಅಂತ ಆಮೇಲೆ ತಿಳಿಯಿತು. ಐವತ್ತು ದಾಟಿದ ಗಂಡಸು, ಅವಳೂ ಕೂಸಲ್ಲ. ಮೆತ್ತಗಿದ್ದರೆ ಇರಲಿ ಬಿಡು ಅಂದುಕೊಂಡೆ.

ಅಂಥವನು ಇದ್ದಕ್ಕಿದ್ದ ಹಾಗೆ ಯಳಂದೂರು ಬಿಟ್ಟ. ಗೋಣಿಚೀಲ ಮೊಳೆಗೆ ನೇತುಬಿತ್ತು. ಫೋನು ಬಡಕೊಂಡರೂ ಎತ್ತಲಿಲ್ಲ. ಇಣುಕಿದರೆ ಪರದೆಯ ಮೇಲೆ 'ಯಳಂದೂರು ಸೊಪ್ಪು' ಅಂತ ಬರುತ್ತಿತ್ತು. ಅಷ್ಟು ಓದುವುದಕ್ಕೆ ನನ್ನ ನಾಲ್ಕನೇ ಕ್ಲಾಸು ಸಾಕು.

ಬಾಗಿಲು ಹಾಕಿಕೊಂಡು ಟಾರ್ಚು ಬಿಟ್ಟುಕೊಂಡು ತನ್ನನ್ನೇ ನೋಡಿಕೊಳ್ಳುವುದು ಶುರುವಾಯಿತು. ಬಾಯಿ ಒಣಗಿದರೂ ಗುಪ್ತರೋಗವೇ, ಬೆನ್ನು ತುರಿಸಿದರೂ ಅದೇ. ಫೋನಿಗೆ ಬಾಯಿಟ್ಟು, ಬಿಳೀ ಚುಕ್ಕೆ ಬಂದರೆ ಏನು ಮಾಡಬೇಕು ಅಂತ ಗುಟ್ಟಾಗಿ ಕೇಳಿದನಂತೆ. ಅದು ಗಟ್ಟಿ ದನಿಯಲ್ಲಿ, ಎಲೆಯ ಎರಡೂ ಬದಿಗೆ ಔಷಧಿ ಸಿಂಪಡಿಸಿ ಅಂದಿತು! ಅಂಗಳಕ್ಕೆಲ್ಲ ಕೇಳಿಸಿತು.

ಆಮೇಲೆ ಊಟ ಬಿಟ್ಟ. ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಹುಳುವಿಗೆ ಸೊಪ್ಪು ಹಾಕಬಾರದು, ಮೇಲೆ ಸುಣ್ಣ ಎರಚಬೇಕು. ಇವನಿಗೂ ಒಂದಿಷ್ಟು ಮೈ ಬೆಚ್ಚಗಾಯಿತು ನೋಡಿ, ಮುದ್ದೆ ಬಿಟ್ಟ, ಸುಣ್ಣ ಹಿಡಿದ! ಅವನ ಕೋಣೆಯಿಂದ ಬಚ್ಚಲಿನವರೆಗೆ ಬೆಳ್ಳಗೆ ಗೆರೆ ಎಳೆದಂತಾಗಿತ್ತು. ಅದರ ಗುಂಟ ಹೋದೆ. ಪಂಚೆ ಎತ್ತಿ ಹಿಡಿದುಕೊಂಡು, ಬೆಂದ ಮೈಗೆ ಗಾಳಿ ಬೀಸಿಕೊಳ್ಳುತ್ತಾ ನಿಂತಿದ್ದ.

"ಏನ್ಲಾ ಇದು?"

"ರೋಗ ಅತ್ತಿಗೆ. ಉರೀತಾ ಅದೆ. ಇನ್ನೇನು ನಾನು ಉಳಿಯಾಕಿಲ್ಲ."

"ಸುಣ್ಣ ಉಜ್ಕಂಡ್ರೆ ತಣ್ಣಗಿರ್ತದೇನ್ಲಾ? ನಡಿ ಆಸ್ಪತ್ರೆಗೆ."

ಹೋಗುವುದಕ್ಕೂ ಅವನದೊಂದು ಷರತ್ತು: ಕಾಯಿಲೆ ಅವನದಲ್ಲ, ನನ್ನದು ಅಂತ ಹೇಳಬೇಕು. ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಅತ್ತಿಗೆಗೆ ಮಂಡಿನೋವು ಅಂತ ಸಾರಿದ. ಮಂಡಿನೋವಿನ ನಾನು ಹಾಯಾಗಿ ಕೂತಿದ್ದೆ. ಜೊತೆಗೆ ಬಂದವನು, ಸೀಟು ಖಾಲಿಯಿದ್ದರೂ, ಕೊಳ್ಳೇಗಾಲದವರೆಗೆ ಕಂಬಿ ಹಿಡಿದು ನಿಂತೇ ಬಂದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಳೆ ಹುಡುಗಿ. ಇವನು ಗೋಡೆ ನೋಡಿಕೊಂಡು, ಹಾಲುತೊಂಡೆ ಇರಬಹುದು ಮೇಡಂ ಅಂದ. ಪಾಪ, ಆಕೆ ತೊಂಡೆ ಅಂದರೆ ಗಂಟಲು ಅಂದುಕೊಂಡು ಇವನ ಬಾಯೊಳಗೆ ಲೈಟು ಬಿಟ್ಟಳು!

"ಅದು ಉಳದ ರೋಗ ಕಣವ್ವ," ಅಂದೆ ನಾನು. "ಇವ್ನು ಒಬ್ಬಳತ್ರ ಓಗಿದ್ದ. ಈಗ ಎದ್ರ್ಕಂಡು ಕೆಳಗೆ ಸುಣ್ಣ ಬಳ್ಕಂಡವ್ನೆ."

ಆಕೆ ನಗಲಿಲ್ಲ, ತುಟಿ ಕಚ್ಚಿಕೊಂಡು ಬರೆದುಕೊಂಡಳು. ಒಬ್ಬರ ಜೊತೆ ಮಾತ್ರವಾ ಅಂತ ಕೇಳಿದಳು. ಇವನು ಎರಡು ಬೆರಳು ತೋರಿಸಿದ. ಕಕ್ಕಸ್ಸಿಗೆ ಅವಸರವಾಯಿತೇನೋ ಅಂತ ನಾನು ಬಾಗಿಲು ಬಿಟ್ಟು ಸರಿದೆ.

"ಅದಲ್ಲ ಅತ್ತಿಗೆ," ಅಂದ. "ಇಬ್ರು."

ಯಳಂದೂರಿಗಿಂತ ಮುಂಚೆ, ಗೂಡು ಮಾರಲು ರಾಮನಗರಕ್ಕೆ ಹೋದವನು ಒಳ್ಳೆ ರೇಟು ಸಿಕ್ಕ ಖುಷಿಗೆ ಒಂದು ಲಾಡ್ಜಿನಲ್ಲಿ ಉಳಿದಿದ್ದನಂತೆ. ಆ ಹೆಂಗಸು ಯಾರೋ ಏನೋ. ಕಾಂಡೋಮ್ ಇರಲಿಲ್ಲ, ಬುದ್ಧಿಯೂ ಇರಲಿಲ್ಲ.

ಡಾಕ್ಟರಮ್ಮ ಉರಿಗೆ ಮುಲಾಮು ಬರೆದಳು, ರಕ್ತ ತೆಗೆಸಿದಳು. ಮಧ್ಯಾಹ್ನಕ್ಕೆ ವರದಿ ಬಂತು, ಸದ್ಯಕ್ಕೆ ಏನೂ ಇಲ್ಲ. ಆದರೆ ಕೆಲವು ರೋಗ ರಕ್ತದಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ, ಅಲ್ಲಿಯವರೆಗೆ ಕಾಂಡೋಮ್ ಇಲ್ಲದೆ ಯಾರ ಜೊತೆಗೂ ಬೇಡ, ಆ ಯಳಂದೂರಿನವರಿಗೂ ಹೇಳಿ ಪರೀಕ್ಷೆ ಮಾಡಿಸಿ ಅಂದಳು.

ಬಸ್ ಸ್ಟ್ಯಾಂಡಿಗೆ ಬಂದ ಮೇಲೆ, ಇನ್ನಾದರೂ ನಗು ಅಂದೆ. ಅವನ ಕಣ್ಣಲ್ಲಿ ನೀರು. ಏನೂ ಇಲ್ಲವಂತಲ್ಲ, ಈಗ್ಯಾಕೆ ಸಾಯುವ ಭಯ ಅಂತ ಗದರಿದೆ.

"ನಂದಲ್ಲ ಅತ್ತಿಗೆ. ಆ ಯಳಂದೂರಿನವ್ಳಿಗೆ ಜ್ವರ ಬಂದಿತ್ತು. ನಾನೇ ಅಂಟಿಸ್ದೆ ಅನ್ಕಂಡೆ, ಅದ್ಕೇ ಓಗೋದ್ ಬಿಟ್ಟೆ. ಗಂಟುರೋಗದ ಉಳ ನೋಡಕ್ ಚೆನ್ನಾಗೇ ಇರ್ತದೆ. ಸೊಪ್ಪು ತಿಂತದೆ, ಓಡಾಡ್ತದೆ. ಪಕ್ಕದ್ದಕ್ಕೆ ಅಂಟ್ಸಿರ್ತದೆ, ಅದ್ಕೇ ಗೊತ್ತಿರಾಕಿಲ್ಲ."

ನಾನು ಇಷ್ಟು ದಿನ ನಕ್ಕಿದ್ದು ಅವನ ಹೆದರಿಕೆಗೆ. ಆ ಹೆದರಿಕೆ ಯಾರಿಗಾಗಿ ಅಂತ ಕೇಳಿರಲಿಲ್ಲ. ಸೆರಗಿನ ತುದಿ ಕೊಟ್ಟೆ, ಮುಖ ಒರೆಸಿಕೊಂಡ.

"ಉಳಕ್ಕೆ ಬಾಯಿಲ್ಲ ಕಣ್ಲಾ," ಅಂದೆ. "ನಿಂಗೈತೆ. ಓಗಿ ಅವ್ಳಿಗೆ ಏಳು."

"ಎಂಗೆ ಓಗಿ ಏಳ್ಲಿ? ಉಳ ಬೇರೆ ಜ್ವರದಿಂದ ಎದ್ದವೆ. ಬೆಳಿಗ್ಗೆ ಸೊಪ್ಪು ಆಕ್ಬೇಕು."

ಮಾರನೆಯ ಬೆಳಿಗ್ಗೆ ಅವನು ಏಳುವ ಮೊದಲೇ ನಮ್ಮ ತೋಟದಿಂದ ಸೊಪ್ಪು ಕೊಯ್ದು ತಂದೆ. ಟಬ್ಬಿನ ನೀರಿನಲ್ಲಿ ಕಾಲದ್ದಿ ಹುಳುಮನೆ ಹೊಕ್ಕು, ತಟ್ಟೆ ತಟ್ಟೆಗೂ ನಾನೇ ಹಾಕಿದೆ. ಆಮೇಲೆ ಮೊಳೆಯಲ್ಲಿದ್ದ ಗೋಣಿಚೀಲ ಇಳಿಸಿ, ಅಂಗಳದಲ್ಲಿ ಕೊಡವಿ, ಮಡಚಿ ಅವನ ಕಂಕುಳಿಗೆ ಸಿಕ್ಕಿಸಿದೆ. ಬೈಕಿನ ಮೇಲೆ ಕೂರಲು ಇನ್ನೂ ಆಗುತ್ತಿರಲಿಲ್ಲ, ಯಳಂದೂರಿಗೆ ಬಸ್ಸು ಹತ್ತಿಸಿದೆ.